ನಲ್ಲಿ ಎಣಿಸಿದವರು ನೀರಿಗೆ ಉತ್ತರ ಕೊಡಲಿ

ತುಮಕೂರು ಜಿಲ್ಲೆಯ ಗುಬ್ಬಿ, ಕುಣಿಗಲ್ ತಾಲೂಕುಗಳ ಬಡವರ ಮನೆಗೆ ಕುಡಿಯಲು ಯೋಗ್ಯವಾದ ನೀರು ಮುಟ್ಟಿಸುವ ಕೆಲಸದಲ್ಲಿ ಸರ್ಕಾರ ತಪ್ಪಿತಸ್ಥ. ಇದನ್ನು ಸುತ್ತಿ ಬಳಸಿ ಹೇಳಬೇಕಾಗಿಲ್ಲ. ರಾಜ್ಯವನ್ನು ಯಾವ ಪಕ್ಷ ಆಳುತ್ತಿತ್ತು, ದಿಲ್ಲಿಯಲ್ಲಿ ಯಾರು ಕೂತಿದ್ದರು ಎಂಬ ಲೆಕ್ಕದಿಂದ ಈ ತಪ್ಪಿನ ತೂಕ ಕಡಿಮೆಯಾಗುವುದಿಲ್ಲ. ಗುಬ್ಬಿಯನ್ನು ಒಳಗೊಂಡ ತುಮಕೂರು ಲೋಕಸಭಾ ಕ್ಷೇತ್ರದ ಸಂಸದ ವಿ. ಸೋಮಣ್ಣ 2024ರ ಜೂನ್‌ನಲ್ಲಿ ಕೇಂದ್ರ ಜಲಶಕ್ತಿ ಖಾತೆಯ ರಾಜ್ಯ ಸಚಿವರಾದರು. ಕುಣಿಗಲ್ ಸೇರುವುದು ಬೆಂಗಳೂರು ಗ್ರಾಮಾಂತರ ಲೋಕಸಭಾ ಕ್ಷೇತ್ರಕ್ಕೆ. ಅದೇ ಕ್ಷೇತ್ರದ ಕನಕಪುರದ ಶಾಸಕ ಡಿ.ಕೆ. ಶಿವಕುಮಾರ್ 2023ರಲ್ಲಿ ಉಪಮುಖ್ಯಮಂತ್ರಿಯಾಗಿ ರಾಜ್ಯದ ಜಲಸಂಪನ್ಮೂಲ ಖಾತೆಯನ್ನೇ ವಹಿಸಿಕೊಂಡರು. ನೀರಿನ ಅಧಿಕಾರ ಇಷ್ಟು ಹತ್ತಿರ ಬಂದು ಕೂತ ತಾಲೂಕುಗಳು ರಾಜ್ಯದಲ್ಲಿ ಹೆಚ್ಚಿಲ್ಲ. ಆದರೂ ಇಲ್ಲಿ ಕೂಲಿ ಮಾಡಿ ಉಣ್ಣುವ ಹೆಂಗಸು ಸಂಜೆ ಐದು ರೂಪಾಯಿ ನಾಣ್ಯ ಹಿಡಿದು ಕ್ಯಾನಿನ ಸಾಲಿನಲ್ಲಿ ನಿಲ್ಲುತ್ತಾಳೆ. ಮನೆಯ ಮುಂದೆ ಸರ್ಕಾರದ ನಲ್ಲಿ ಇದ್ದೂ ನಿಲ್ಲುತ್ತಾಳೆ.

2025ರ ಮೇ 31ರಂದು ಗುಬ್ಬಿ ತಾಲೂಕಿನಲ್ಲಿ ಹೇಮಾವತಿ ನಾಲೆಯ ಬಳಿ ಸಾವಿರಾರು ಜನ ಸೇರಿದರು. ನಿಷೇಧಾಜ್ಞೆ ಇತ್ತು, ಪೊಲೀಸರಿದ್ದರು, ಸ್ವಾಮೀಜಿಗಳೂ ಶಾಸಕರೂ ಬೀದಿಗಿಳಿದಿದ್ದರು. ಜಗಳ ಎಕ್ಸ್‌ಪ್ರೆಸ್ ಲಿಂಕ್ ಕೆನಾಲಿನದು. ತುಮಕೂರು ಶಾಖಾ ನಾಲೆಯ 70ನೇ ಕಿಲೋಮೀಟರ್ ಸುಮಾರಿನಿಂದ ನೇರವಾಗಿ ಕುಣಿಗಲ್ ಕಡೆಗೆ ಕೊಳವೆಯಲ್ಲಿ ನೀರು ಒಯ್ಯುವ, ಸುಮಾರು ಸಾವಿರ ಕೋಟಿ ರೂಪಾಯಿಯ ಯೋಜನೆ ಅದು. ನಾಲೆಯ ತುದಿಯಲ್ಲಿರುವ ತಮಗೆ ಪಾಲಿನ ನೀರು ಎಂದೂ ಮುಟ್ಟಿಲ್ಲ ಎನ್ನುತ್ತಾರೆ ಕುಣಿಗಲ್‌ನವರು. ಅದು ಸುಳ್ಳಲ್ಲ. ಮೇಲ್ಗಡೆಯೇ ಕೊಳವೆಯಲ್ಲಿ ನೀರು ಎಳೆದುಕೊಂಡರೆ ತಮ್ಮ ಕೆರೆಗಳು ಬರಿದಾಗುತ್ತವೆ, ನೀರು ಮಾಗಡಿಯ ಕಡೆಗೆ ಜಾರುತ್ತದೆ ಎಂದು ಗುಬ್ಬಿ, ತುರುವೇಕೆರೆ, ತುಮಕೂರಿನವರು ಹೆದರುತ್ತಾರೆ. ಆ ಭಯವೂ ಕಟ್ಟುಕಥೆಯಲ್ಲ. ಕೆನಾಲು ಬೇಕೇ ಬೇಡವೇ ಎಂಬುದನ್ನು ನೀರಾವರಿ ತಜ್ಞರು, ರೈತರು, ಅಗತ್ಯಬಿದ್ದರೆ ನ್ಯಾಯಾಲಯಗಳು ತೀರ್ಮಾನಿಸಲಿ. ನಮ್ಮ ತಕರಾರು ಬೇರೆ ಕಡೆ ಇದೆ. ಎರಡೂ ಕಡೆಯ ನಾಯಕರು ವೇದಿಕೆ ಹತ್ತಿದಾಗಲೆಲ್ಲ "ಕುಡಿಯುವ ನೀರು" ಎಂಬ ಮಾತನ್ನು ಮುಂದಿಟ್ಟರು. ಆ ಮಾತಿಗೆ ಅವರು ಋಣಿಗಳು. ಆ ಋಣ ಇನ್ನೂ ತೀರಿಲ್ಲ.

ಲೆಕ್ಕ ಹಾಕಿ ನೋಡೋಣ. 2011ರ ಜನಗಣತಿಯಂತೆ ಇಡೀ ತುಮಕೂರು ಜಿಲ್ಲೆಯ ಜನಸಂಖ್ಯೆ 26.79 ಲಕ್ಷ. ಜಲಜೀವನ್ ಮಿಷನ್ ಹೇಳುವ ಪ್ರಮಾಣ ತಲೆಗೆ ದಿನಕ್ಕೆ 55 ಲೀಟರ್. ಅಷ್ಟೂ ಜನರಿಗೆ ವರ್ಷವಿಡೀ ಅಷ್ಟು ಕೊಟ್ಟರೆ ಬೇಕಾಗುವುದು ಎರಡು ಟಿಎಂಸಿಗಿಂತ ಕಡಿಮೆ. ಉದಾರವಾಗಿ ತಲೆಗೆ 100 ಲೀಟರ್ ಎಂದು ಹಿಡಿದರೂ ಮೂರೂವರೆ ಟಿಎಂಸಿ ದಾಟುವುದಿಲ್ಲ. ಅಂದಿನಿಂದ ಜನ ಹೆಚ್ಚಿದ್ದಾರೆ, ನಾಲೆಯಲ್ಲಿ ಇಂಗುತ್ತದೆ, ಕೆರೆಯಲ್ಲಿ ಆವಿಯಾಗುತ್ತದೆ; ಅದನ್ನೆಲ್ಲ ಸೇರಿಸಿಕೊಳ್ಳಲಿ. ಗೊರೂರಿನ ಹೇಮಾವತಿ ಜಲಾಶಯದ ಸಾಮರ್ಥ್ಯ 37.1 ಟಿಎಂಸಿ. ಅದರ ನೀರಿನಲ್ಲಿ ತುಮಕೂರು ಜಿಲ್ಲೆಯ ಪಾಲೆಂದು ವರ್ಷಗಳಿಂದ ಹೇಳಿಕೊಂಡು ಬಂದಿರುವುದು ಸುಮಾರು 24 ಟಿಎಂಸಿ. ಅಂದರೆ ಜನ ಕುಡಿಯುವ ನೀರು ಈ ಪಾಲಿನ ಒಂದು ಸಣ್ಣ ಮೂಲೆ. ಅಡಿಕೆ, ತೆಂಗು, ರಾಗಿ, ಕಾರ್ಖಾನೆ ಯಾವುದರ ಮುಂದೆಯೂ ಆ ಮೂಲೆ ಕೈಯೊಡ್ಡಿ ನಿಲ್ಲಬೇಕಾಗಿಲ್ಲ. ನಾಲೆಯಲ್ಲಿ ನೀರು ಬಿಟ್ಟ ಮೊದಲ ದಿನವೇ ಅದನ್ನು ತೆಗೆದಿರಿಸಬಹುದು. ರಾಷ್ಟ್ರೀಯ ಜಲನೀತಿಗಳು ಕುಡಿಯುವ ನೀರಿಗೆ ಮೊದಲ ಸ್ಥಾನ ಕೊಟ್ಟು ದಶಕಗಳೇ ಆದವು. ಹಾಗಿದ್ದೂ ಹಳ್ಳಿಯ ಬಿಂದಿಗೆಗೆ ಸಾವಿರ ಅಡಿ ಆಳದ ಬೋರಿನ ನೀರೇ ಗತಿಯಾಗಿದ್ದರೆ ಅದಕ್ಕೆ ಆಕಾಶವನ್ನು ದೂರಿ ಪ್ರಯೋಜನವಿಲ್ಲ.

ಕುಣಿಗಲ್ ದೊಡ್ಡಕೆರೆ ಜನಪದರ ಹಾಡಿನಲ್ಲಿ ಇಡೀ ನಾಡಿಗೆ ಪರಿಚಿತ. ಗುಬ್ಬಿ ತಾಲೂಕಿನ ಕಡಬದ ಕೆರೆ ನೋಡಿದವರಿಗೆ ಅದರ ಹರವು ಗೊತ್ತು. ಶಿಂಷಾ ನದಿಗೆ ಅಡ್ಡಲಾಗಿ ಮಾರ್ಕೋನಹಳ್ಳಿಯಲ್ಲಿ ಕಟ್ಟಿದ ಜಲಾಶಯ ಇರುವುದೂ ಕುಣಿಗಲ್ ತಾಲೂಕಿನಲ್ಲೇ. ಈ ಸೀಮೆಯ ಹಳ್ಳಿಗಳು ಒಂದು ಕಾಲಕ್ಕೆ ಕೆರೆಯ ಕೆಳಗಿನ ಸಿಹಿನೀರ ಬಾವಿಗಳನ್ನು ನಂಬಿದ್ದವು. ಕೆರೆಯಲ್ಲಿ ಹೂಳು ತುಂಬಿತು, ರಾಜಕಾಲುವೆಗಳು ಒತ್ತುವರಿಯಾದವು, ಬಾವಿಗಳು ಬತ್ತಿದವು. ಕೈಪಂಪು ಬಂತು, ಕೈಪಂಪಿನ ಜಾಗಕ್ಕೆ ಮೋಟಾರು ಬಂತು, ಮೋಟಾರಿನ ಪೈಪು ವರ್ಷ ವರ್ಷ ಕೆಳಗಿಳಿಯಿತು. ಪ್ರತಿ ಹಂತದಲ್ಲೂ ಸರ್ಕಾರ ಕೊಟ್ಟ ಪರಿಹಾರ ಒಂದೇ: ಇನ್ನೊಂದು ಬೋರು ಕೊರೆಸು.

ಗ್ರಾನೈಟ್ ಮತ್ತು ನೈಸ್ ಶಿಲೆಯ ಈ ನೆಲದಲ್ಲಿ ಆಳಕ್ಕೆ ಹೋದಷ್ಟೂ ನೀರು ಬಂಡೆಯ ಬಿರುಕುಗಳಲ್ಲಿ ಹೆಚ್ಚು ಕಾಲ ನಿಂತಿರುತ್ತದೆ, ಬಂಡೆಯ ಫ್ಲೋರೈಡನ್ನು, ಲವಣಗಳನ್ನು ಹೀರಿಕೊಂಡಿರುತ್ತದೆ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು. ಅದಕ್ಕೂ ಮೇಲಾದ ನೀರನ್ನು ಎಳವೆಯಲ್ಲಿ ಕುಡಿದ ಮಕ್ಕಳ ಹಲ್ಲಿನ ಮೇಲೆ ಮೊದಲು ಸುಣ್ಣ ಬಳಿದಂಥ ಗೆರೆ, ಆಮೇಲೆ ಕಂದು ಕಲೆ. ವರ್ಷಗಟ್ಟಲೆ ಕುಡಿದವರಿಗೆ ಮಂಡಿ, ಬೆನ್ನು, ಕುತ್ತಿಗೆ ಬಿಗಿಯುತ್ತದೆ; ಮೂಳೆಗೆ ಹಿಡಿದದ್ದು ವಾಪಸ್ ಹೋಗುವುದಿಲ್ಲ. ಜಿಲ್ಲೆಯಲ್ಲಿ ಪಾವಗಡ, ಶಿರಾ, ಮಧುಗಿರಿಗಳು ಈ ಕಾರಣಕ್ಕೆ ಕೆಟ್ಟ ಹೆಸರು ಹೊತ್ತಿವೆ. ಗುಬ್ಬಿ, ಕುಣಿಗಲ್‌ನ ಹೆಸರು ಅಷ್ಟಾಗಿ ಕೇಳಿಬರುವುದಿಲ್ಲ ಎಂದು ಇಲ್ಲಿ ಕಣ್ಣುಮುಚ್ಚಿ ಕೂರುವಂತಿಲ್ಲ. ಒಂದೇ ಊರಿನ ಎರಡು ಬೋರಿನಲ್ಲಿ ಎರಡು ಬಗೆಯ ನೀರು ಸಿಗುತ್ತದೆ. ಪರೀಕ್ಷೆ ಮಾಡದೆ ಯಾವ ಬೋರನ್ನೂ ನಂಬಲಾಗದು. ಇನ್ನೊಂದು ಮಾತನ್ನು ತಾಯಂದಿರಿಗೆ ಯಾರಾದರೂ ಬಿಡಿಸಿ ಹೇಳಬೇಕು: ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದು ಗಟ್ಟಿಯಾಗುತ್ತದೆ. ಕುದಿಸುವುದು ರೋಗಾಣುವಿಗೆ ಮದ್ದು, ಬಂಡೆಯ ವಿಷಕ್ಕಲ್ಲ.

ಈ ವಿಷಕ್ಕೆ ಸರ್ಕಾರ ಹುಡುಕಿದ ಉತ್ತರ ಶುದ್ಧ ಕುಡಿಯುವ ನೀರಿನ ಘಟಕ. ಕಳೆದ ದಶಕದಲ್ಲಿ ರಾಜ್ಯದಾದ್ಯಂತ ಸಾವಿರಾರು ಘಟಕಗಳು ಎದ್ದವು. ಊರ ಜನ ಅದನ್ನು ಕರೆಯುವುದು "ಫಿಲ್ಟರ್" ಎಂದು. ಬಸ್ ನಿಲ್ದಾಣದ ಪಕ್ಕದಲ್ಲೋ ಶಾಲೆಯ ಕಾಂಪೌಂಡಿಗೆ ತಗುಲಿಯೋ ನೀಲಿ ಶೀಟಿನ ಒಂದು ಕೋಣೆ. ಮುಂದೆ ನಾಣ್ಯ ಹಾಕುವ ಸೀಳು, ಅದರ ಕೆಳಗೆ ಕ್ಯಾನು ಇಡುವ ಕಟ್ಟೆ. ಒಳಗೆ ಮರಳಿನ ಸೋಸುಕ, ಇದ್ದಿಲಿನ ಸೋಸುಕ, ಜೋರಾಗಿ ಒತ್ತುವ ಪಂಪು, ಬಿಳಿ ಕೊಳವೆಯೊಳಗೆ ಪೊರೆ. ಕೋಣೆಯ ಹಿಂದೆ ಹೋದರೆ ಬೆರಳು ಗಾತ್ರದ ಇನ್ನೊಂದು ಪೈಪು ಕಾಣುತ್ತದೆ. ಒಳಗೆ ಹೋದ ನೀರಿನಲ್ಲಿ ಸುಮಾರು ಅರ್ಧದಷ್ಟು, ಕೆಲವೆಡೆ ಅದಕ್ಕೂ ಹೆಚ್ಚು, ಆ ಪೈಪಿನಿಂದ ಆಚೆ ಬರುತ್ತದೆ. ಪೊರೆ ತಡೆದ ಲವಣವೂ ಫ್ಲೋರೈಡೂ ಆ ನೀರಿನಲ್ಲೇ ಮಂದವಾಗಿ ತುಂಬಿರುತ್ತವೆ. ಅದು ಚರಂಡಿಗೆ, ಚರಂಡಿಯಿಂದ ಕಟ್ಟೆಗೆ, ಕಟ್ಟೆಯಿಂದ ಮತ್ತೆ ನೆಲಕ್ಕೆ. ನೀರಿಲ್ಲ ಎಂದು ಬೋರು ಕೊರೆಸಿದ ಊರಿನಲ್ಲಿ ಎತ್ತಿದ ಎರಡು ಕೊಡದಲ್ಲಿ ಒಂದು ಕೊಡ ಹೀಗೆ ಹೋಗುತ್ತಿದೆ. ಆ ನೀರಿಗೆ ಬೇರೆ ತೊಟ್ಟಿ ಕಟ್ಟಿ ಶೌಚಾಲಯಕ್ಕೋ ವಾಹನ ತೊಳೆಯಲೋ ಬಳಸುವ ಏರ್ಪಾಡನ್ನು ಗುತ್ತಿಗೆಯಲ್ಲೇ ಕಡ್ಡಾಯ ಮಾಡಬಹುದಿತ್ತು.

ಘಟಕಗಳು ಶುರುವಾದಾಗ 20 ಲೀಟರಿಗೆ ಎರಡು ರೂಪಾಯಿ. ಈಗ ಐದು. ಐದು ಜನರ ಕುಟುಂಬ ದಿನಕ್ಕೆ ಒಂದು ಕ್ಯಾನು ಒಯ್ದರೆ ತಿಂಗಳಿಗೆ 150, ವರ್ಷಕ್ಕೆ 1,825 ರೂಪಾಯಿ. ಸಾವಿರ ಲೀಟರಿಗೆ ಇದು 250 ರೂಪಾಯಿ ಬಿತ್ತು. ಬೆಂಗಳೂರು ಜಲಮಂಡಳಿ 2014ರಿಂದ 2025ರ ಏಪ್ರಿಲ್‌ವರೆಗೆ ಮನೆಬಳಕೆಯ ಮೊದಲ 8,000 ಲೀಟರಿಗೆ ವಿಧಿಸುತ್ತಿದ್ದ ದರ ಸಾವಿರ ಲೀಟರಿಗೆ 7 ರೂಪಾಯಿ. ನೂರು ಕಿಲೋಮೀಟರ್ ದೂರದಿಂದ ಕಾವೇರಿಯನ್ನು ಮೇಲೆತ್ತಿ ಶುದ್ಧೀಕರಿಸಿ ಬೆಂಗಳೂರಿನವರ ಅಡುಗೆಮನೆಗೆ ಕೊಟ್ಟ ಬೆಲೆ 7. ಕುಣಿಗಲ್ ತಾಲೂಕಿನ ಕೂಲಿಯವಳು ತನ್ನ ಊರಿನ ನೆಲದಡಿಯ ನೀರನ್ನೇ ಕ್ಯಾನಿನಲ್ಲಿ ಹೊತ್ತು ಮನೆಗೆ ತಂದುಕೊಳ್ಳಲು ತೆತ್ತ ಬೆಲೆ 250. ಕ್ಯಾನಿನ ನೀರು ಕುಡಿಯಲಿಕ್ಕೆ ಮಾತ್ರ, ನಲ್ಲಿಯ ನೀರು ಎಲ್ಲಕ್ಕೂ ಎಂದು ಯಾರಾದರೂ ವಾದಿಸಬಹುದು. ವಾದಿಸಲಿ. ಮೂವತ್ತೈದು ಪಟ್ಟು ಅಂತರವನ್ನು ಆ ವಾದ ಮುಚ್ಚಲಾರದು. ನಾಣ್ಯವಿಲ್ಲದ ದಿನ ಆ ಮನೆಯವರು ಏನು ಕುಡಿಯುತ್ತಾರೆ ಎಂಬ ಪ್ರಶ್ನೆಗಂತೂ ಅದರಲ್ಲಿ ಉತ್ತರವೇ ಇಲ್ಲ.

ನಾಣ್ಯ ಇದ್ದರೂ ಘಟಕ ನಡೆಯುತ್ತಿರಬೇಕಲ್ಲ. ಪೊರೆಗೆ ಆಯುಸ್ಸು ಕಡಿಮೆ, ಗಡಸು ನೀರಿನಲ್ಲಿ ಇನ್ನೂ ಕಡಿಮೆ. ನಿರ್ವಹಣೆಯ ಗುತ್ತಿಗೆ ಮುಗಿದ ಮೇಲೆ ಬೀಗ ಬೀಳುತ್ತದೆ, ಮಾಡಿನ ಮೇಲೆ ಹುಲ್ಲು ಬೆಳೆಯುತ್ತದೆ, ಉದ್ಘಾಟನೆಯ ಕಲ್ಲಿನ ಹೆಸರುಗಳು ಮಾತ್ರ ಓದಲು ಬರುತ್ತವೆ. ಬಾಗಿಲು ತೆರೆದಿರುವ ಘಟಕದಲ್ಲೂ ಪೊರೆ ಬದಲಿಸಿ ಎಷ್ಟು ಕಾಲವಾಯಿತು, ಇಂದು ಬರುತ್ತಿರುವ ನೀರಿನಲ್ಲಿ ಏನಿದೆ ಎಂದು ಕೇಳಿದರೆ ಹೇಳುವವರಿಲ್ಲ. ಹರಿದ ಪೊರೆಯಿಂದ ಬಂದ ನೀರೂ ನೋಡಲು ತಿಳಿಯಾಗಿಯೇ ಇರುತ್ತದೆ. ಸಂಘಸಂಸ್ಥೆಗಳು, ಕಂಪನಿಗಳು ಕೆಲವು ಊರಿಗೆ ಘಟಕಗಳನ್ನು ದಾನವಾಗಿ ಕೊಟ್ಟಿವೆ. ಅವರ ಉದ್ದೇಶ ಒಳ್ಳೆಯದು, ಅವರಿಗೆ ವಂದನೆ. ಆದರೆ ಅವರು ಫಲಕ ಹಾಕಿ ಹೋದ ಮೇಲೆ ಆ ಯಂತ್ರವನ್ನು ಯಾರ ಹೊಣೆಗೆ ಒಪ್ಪಿಸಿದರು ಎಂಬುದನ್ನು ಪಂಚಾಯತಿ ಬರೆದಿಟ್ಟುಕೊಳ್ಳಬೇಕಿತ್ತು. ದಾನಿಗೆ ಮನಸ್ಸು ಬಂದಾಗ ಸಿಗುವ ನೀರಿಗೆ ಹಕ್ಕು ಎಂದು ಹೆಸರಿಡಲಾಗದು.

ನಲ್ಲಿಯ ಕಥೆಗೆ ಬರೋಣ. ಪ್ರಧಾನಿ 2019ರ ಆಗಸ್ಟ್ 15ರಂದು ಕೆಂಪುಕೋಟೆಯಿಂದ ಜಲಜೀವನ್ ಮಿಷನ್ ಸಾರಿದರು: 2024ರೊಳಗೆ ಗ್ರಾಮೀಣ ಭಾರತದ ಪ್ರತಿ ಮನೆಗೂ ನಲ್ಲಿ, ತಲೆಗೆ 55 ಲೀಟರ್, ಮಾನಕದಂತೆ ಶುದ್ಧವಾದ ನೀರು, ನಿತ್ಯ. ರಾಜ್ಯದಲ್ಲಿ ಅದಕ್ಕೆ "ಮನೆ ಮನೆಗೆ ಗಂಗೆ" ಎಂದು ಹೆಸರಾಯಿತು. 2023ರ ಫೆಬ್ರುವರಿ 6ರಂದು ಗುಬ್ಬಿ ತಾಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟಿಸಲು ಪ್ರಧಾನಿ ಬಂದರು. ಅದೇ ವೇದಿಕೆಯಲ್ಲಿ ತಿಪಟೂರಿನ 430 ಕೋಟಿ ರೂಪಾಯಿ ಮೀರಿದ ಬಹುಗ್ರಾಮ ಕುಡಿಯುವ ನೀರಿನ ಯೋಜನೆಗೂ, ಚಿಕ್ಕನಾಯಕನಹಳ್ಳಿಯ 147 ಜನವಸತಿಗಳಿಗೆ ನೀರು ಕೊಡುವ ಸುಮಾರು 115 ಕೋಟಿಯ ಯೋಜನೆಗೂ ಶಂಕುಸ್ಥಾಪನೆ ನಡೆಯಿತು. ಗುಬ್ಬಿಯ ನೆಲದಲ್ಲಿ ನೆರೆಯ ತಾಲೂಕುಗಳಿಗೆ ಕಲ್ಲು ಇಟ್ಟದ್ದಕ್ಕೆ ನಮ್ಮ ಆಕ್ಷೇಪವಿಲ್ಲ. ಅಲ್ಲಿಯ ಬಾಯಾರಿಕೆಯೂ ಬಾಯಾರಿಕೆಯೇ. 2024 ಕಳೆಯಿತು. 2025ರ ಕೇಂದ್ರ ಬಜೆಟ್ ಗಡುವನ್ನು 2028ಕ್ಕೆ ತಳ್ಳಿತು. ಕೇಂದ್ರ ಹಣ ಬಿಡಲಿಲ್ಲ ಎಂದು ರಾಜ್ಯ, ಕೊಟ್ಟದ್ದನ್ನು ಖರ್ಚು ಮಾಡಲಿಲ್ಲ ಎಂದು ಕೇಂದ್ರ. ಆ ಜಗಳ ಎಂದು ಮುಗಿಯುತ್ತದೋ ಹಳ್ಳಿಗೆ ತಿಳಿಯದು.

ಆದರೆ ಅಂಕಿಸಂಖ್ಯೆ ಬೆಳೆಯಿತು. ಎಷ್ಟು ಮನೆಗೆ ನಲ್ಲಿ ಬಂತು ಎಂಬುದು ದಿನದಿನವೂ ಪರದೆಯ ಮೇಲೆ ಮೂಡುತ್ತದೆ, ರಾಜ್ಯಗಳ ನಡುವೆ ಪೈಪೋಟಿ ನಡೆಯುತ್ತದೆ. ಹೀಗೆ ಎಣಿಸಿದ ನಲ್ಲಿಯನ್ನು ಹತ್ತಿರ ಹೋಗಿ ನೋಡಬೇಕು. ರಸ್ತೆ ಅಗೆದು ಕಪ್ಪು ಕೊಳವೆ ಹಾಕಿ ಮನೆಯ ಮುಂದೆ ಒಂದಡಿ ಎತ್ತರದ ಸಿಮೆಂಟಿನ ಗೂಟಕ್ಕೆ ನಲ್ಲಿ ಬಿಗಿದಿರುತ್ತಾರೆ. ಕೊಳವೆ ಹೊಸದು, ಟ್ಯಾಂಕು ಹಳೆಯದು, ಬೋರು ಹಳೆಯದು. ಟ್ಯಾಂಕಿನಿಂದ ದೂರವಿರುವ ಮನೆಗೆ ನೀರಿನ ಒತ್ತಡ ಸಾಲದು. ಆಗ ಮನೆಯವರೇ ಗೂಟ ಒಡೆದು ನೆಲ ತೋಡಿ ಮೊಣಕಾಲುದ್ದದ ಗುಂಡಿ ಮಾಡುತ್ತಾರೆ, ನಲ್ಲಿ ಕಿತ್ತು ಹಾಕುತ್ತಾರೆ, ಗುಂಡಿಯೊಳಗೆ ಬಿಂದಿಗೆ ಇಟ್ಟು ಬಾಗಿ ತುಂಬುತ್ತಾರೆ. ಪಾತ್ರೆ ತೊಳೆದ ನೀರು, ಮಳೆಯ ನೀರು, ಪಕ್ಕದ ಚರಂಡಿ ಉಕ್ಕಿದ ನೀರು ಎಲ್ಲವೂ ಬಂದು ನಿಲ್ಲುವುದು ಆ ಗುಂಡಿಯಲ್ಲೇ. ನೀರು ಬಿಡುವವನು ವಾಲ್ವ್ ತಿರುಗಿಸಿ ನಿಲ್ಲಿಸಿದ ಕೂಡಲೇ ಕೊಳವೆಯೊಳಗೆ ನಿರ್ವಾತ ಉಂಟಾಗುತ್ತದೆ. ಬಾಯಿ ತೆರೆದ ಕೊಳವೆ ಗುಂಡಿಯಲ್ಲಿ ನಿಂತ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಮಾರನೆಯ ಸರದಿಯಲ್ಲಿ ಮೊದಲು ಬರುವುದು ಆ ನೀರು. ಉಳ್ಳವರು ಕೊಳವೆಗೇ ಮೋಟಾರು ಹಚ್ಚಿ ಎಳೆದಾಗ ಈ ಸೆಳೆತ ಇನ್ನೂ ಜೋರು. ಒಡೆದ ಜೋಡಣೆಯಿಂದಲೂ ಕೊಳಚೆ ನುಗ್ಗುತ್ತದೆ. ಮೂರು ದಿನಕ್ಕೊಮ್ಮೆ ಒಂದು ಗಂಟೆ ಬಿಡುವ ನೀರು ರೋಗ ತರುವುದು ಹೀಗೆ. ಸರದಿ ಉದ್ದವಾದಷ್ಟೂ ಕೊಳವೆ ಖಾಲಿ ಬೀಳುವ ಹೊತ್ತು ಉದ್ದವಾಗುತ್ತದೆ, ಅಪಾಯವೂ ಬೆಳೆಯುತ್ತದೆ. ಇಷ್ಟಾದರೂ ಆ ಮನೆ "ನಲ್ಲಿ ಸಂಪರ್ಕ ಪಡೆದ ಮನೆ" ಎಂದೇ ದಾಖಲೆಯಲ್ಲಿ ಇರುತ್ತದೆ.

ಕೊಳವೆಯ ಕೊನೆಯಲ್ಲಿ ಇರುವುದು ಸಾಮಾನ್ಯವಾಗಿ ಕೇರಿ. ಊರಿನ ತಗ್ಗಿನಲ್ಲಿ, ಟ್ಯಾಂಕಿನಿಂದ ದೂರ, ಚರಂಡಿ ಬಂದು ಸೇರುವ ಕಡೆ. ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ 2023ರ ಆಗಸ್ಟ್‌ನಲ್ಲಿ ನಲ್ಲಿಯ ನೀರು ಕುಡಿದು ಜನ ಸತ್ತರು. ಅದು ದಲಿತರ ಕೇರಿ. ನಮ್ಮದೇ ಜಿಲ್ಲೆಯ ಮಧುಗಿರಿ ತಾಲೂಕಿನ ಚಿನ್ನೇನಹಳ್ಳಿಯಲ್ಲಿ 2024ರ ಜೂನ್‌ನಲ್ಲಿ ಊರ ಜಾತ್ರೆಯ ಬೆನ್ನಲ್ಲೇ ವಾಂತಿಭೇದಿ ಹರಡಿ ನೂರಕ್ಕೂ ಹೆಚ್ಚು ಮಂದಿ ಹಾಸಿಗೆ ಹಿಡಿದರು, ಹಲವರು ತೀರಿಕೊಂಡರು. ಇಂಥ ಸಾವು ನಡೆದಾಗ ಮಂತ್ರಿಗಳು ಬರುತ್ತಾರೆ, ಪರಿಹಾರ ಘೋಷಿಸುತ್ತಾರೆ, ಕೆಳಹಂತದ ಒಬ್ಬಿಬ್ಬರು ಅಮಾನತಾಗುತ್ತಾರೆ. ಟ್ಯಾಂಕು ತೊಳೆಯಲು, ಬ್ಲೀಚಿಂಗ್ ಪುಡಿ ಕೊಳ್ಳಲು, ನೀರಿನ ಮಾದರಿ ಕಳಿಸಲು ವರ್ಷವಿಡೀ ದುಡ್ಡು ಬಿಡದೆ ಸತಾಯಿಸಿದ ಮೇಲಿನವರ ಹೆಸರು ಯಾವ ಆದೇಶದಲ್ಲೂ ಕಾಣುವುದಿಲ್ಲ.

ಆ ಪುಡಿಯ ಬೆಲೆಯಾದರೂ ಎಷ್ಟು? ಸಾವಿರ ಲೀಟರ್ ನೀರಿಗೆ ಒಳ್ಳೆಯ ಬ್ಲೀಚಿಂಗ್ ಪುಡಿ ಸುಮಾರು ಎರಡೂವರೆ ಗ್ರಾಂ ಸಾಕು. 50,000 ಲೀಟರಿನ ಓವರ್‌ಹೆಡ್ ಟ್ಯಾಂಕಿಗೆ 125 ಗ್ರಾಂ. ಮೂರು ನಾಲ್ಕು ಹಿಡಿಯಷ್ಟು. ಹಾಕಿ ಅರ್ಧ ಗಂಟೆ ಬಿಟ್ಟು ನೀರು ಹರಿಸಬೇಕು. ಕೊನೆಯ ಮನೆಯ ನಲ್ಲಿಯಲ್ಲಿ ಲೀಟರಿಗೆ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು, ಎರಡು ಹನಿ ದ್ರಾವಣ ಹಾಕಿ ಬಣ್ಣ ನೋಡಿದರೆ ಗೊತ್ತಾಗುತ್ತದೆ. ಚೀಲದ ಬಾಯಿ ಬಿಚ್ಚಿಟ್ಟು ಪಂಚಾಯತಿ ಕಚೇರಿಯ ಮೂಲೆಯಲ್ಲಿ ತೇವ ಹಿಡಿಸಿದ ಪುಡಿಗೆ ಮಾತ್ರ ಈ ಶಕ್ತಿ ಇರುವುದಿಲ್ಲ. ವಾಸನೆ ಉಳಿದಿರುತ್ತದೆ, ಕ್ಲೋರಿನ್ ಹಾರಿಹೋಗಿರುತ್ತದೆ. ಇಷ್ಟು ಅಗ್ಗದ ಕೆಲಸ ನಿತ್ಯ ನಡೆಯದಿರುವುದಕ್ಕೆ ಯಾವ ಸಬೂಬೂ ಇಲ್ಲ. ಇದನ್ನು ಮಾಡಬೇಕಾದ ನೀರುಗಂಟಿ ಮುಂಜಾನೆ ಕರೆಂಟು ಬಂದಾಗ ಎದ್ದು ಮೋಟಾರು ಹಾಕುತ್ತಾನೆ, ನಾಲ್ಕು ಬೀದಿಗೆ ವಾಲ್ವ್ ತಿರುಗಿಸುತ್ತಾನೆ, ಏಣಿ ಹತ್ತಿ ಟ್ಯಾಂಕು ತೊಳೆಯುತ್ತಾನೆ, ಜನರಿಂದ ಬೈಸಿಕೊಳ್ಳುತ್ತಾನೆ. ಅವನಿಗೆ ಸಂಬಳ ಸರಿಯಾಗಿ ಬರುತ್ತದೆಯೇ, ಅವನಿಗೆ ಯಾರಾದರೂ ತರಬೇತಿ ಕೊಟ್ಟಿದ್ದಾರೆಯೇ ಎಂದು ಕೇಳಿದ ಜನಪ್ರತಿನಿಧಿ ಎಷ್ಟು ಮಂದಿ? ಇಡೀ ಊರಿನ ಆರೋಗ್ಯ ಇರುವುದು ಆ ಮನುಷ್ಯನ ಕೈಯಲ್ಲಿ.

ಕಾನೂನಿನ ಕೊರತೆ ಇಲ್ಲ. ಸಂವಿಧಾನದ 11ನೇ ಅನುಸೂಚಿ ಕುಡಿಯುವ ನೀರನ್ನು ಪಂಚಾಯತಿಗೆ ವಹಿಸಿದೆ. ಮಾಲಿನ್ಯವಿಲ್ಲದ ನೀರು ಬದುಕುವ ಹಕ್ಕಿನ ಭಾಗ ಎಂದು ಸುಪ್ರೀಂ ಕೋರ್ಟ್ 1991ರಲ್ಲೇ ಸುಭಾಷ್ ಕುಮಾರ್ ಪ್ರಕರಣದಲ್ಲಿ ಹೇಳಿತು. ಕರ್ನಾಟಕವೇ ಕುಡಿಯುವ ನೀರಿನ ಮೂಲಗಳ ರಕ್ಷಣೆಗೆಂದು 1999ರ ಅಂತರ್ಜಲ ಕಾಯ್ದೆ ಮಾಡಿತು: ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರ್ ಒಳಗೆ ಅನುಮತಿಯಿಲ್ಲದೆ ಯಾರೂ ಬಾವಿ, ಬೋರು ಕೊರೆಸುವಂತಿಲ್ಲ. ಅಡಿಕೆ ತೋಟ ಹಬ್ಬಿದ ಗುಬ್ಬಿ ಸೀಮೆಯಲ್ಲಿ ನಡೆದು ನೋಡಿದರೆ ಈ ಕಾಯ್ದೆಗೆ ಎಷ್ಟು ಬೆಲೆ ಇದೆ ಎಂದು ತಿಳಿಯುತ್ತದೆ. ಪಂಚಾಯತಿಯ ಬೋರು ಒಣಗಿರುತ್ತದೆ, ಕೂಗಳತೆಯಲ್ಲಿ ತೋಟದ ಬೋರು ಹರಿಯುತ್ತಿರುತ್ತದೆ. ಸಾಲ ಮಾಡಿ ಬೋರು ಕೊರೆಸಿದ ಸಣ್ಣ ರೈತನನ್ನು ಶತ್ರು ಮಾಡುವುದು ನಮ್ಮ ಉದ್ದೇಶವಲ್ಲ. ಆದರೆ ಕುಡಿಯುವ ಮೂಲದ ಸುತ್ತ ಆ 500 ಮೀಟರನ್ನು ಕಾಯಲಾಗದ ಸರ್ಕಾರ ಹೊಸ ಬೋರಿಗೆ ಟೆಂಡರು ಕರೆಯುವುದರಲ್ಲಿ ಅರ್ಥವಿಲ್ಲ.

ದುಡ್ಡೂ ಇತ್ತು. 15ನೇ ಹಣಕಾಸು ಆಯೋಗ 2021ರಿಂದ 26ರವರೆಗೆ ಪಂಚಾಯತಿಗಳಿಗೆ ಕೊಟ್ಟ ಅನುದಾನದಲ್ಲಿ ಶೇ 30ರಷ್ಟನ್ನು ಕುಡಿಯುವ ನೀರು, ಮಳೆನೀರು ಸಂಗ್ರಹಗಳಿಗೇ ಮೀಸಲಿಟ್ಟಿತು. ಇಲ್ಲದ್ದು ಲೆಕ್ಕ ಕೇಳುವವರು. ಕರ್ನಾಟಕದಲ್ಲಿ ಜಿಲ್ಲಾ, ತಾಲೂಕು ಪಂಚಾಯತಿಗಳಿಗೆ 2016ರಲ್ಲಿ ಚುನಾವಣೆ ನಡೆಯಿತು, 2021ರಲ್ಲಿ ಅವಧಿ ಮುಗಿಯಿತು. ಅಲ್ಲಿಂದ ಮುಂದೆ ವರ್ಷಗಟ್ಟಲೆ ಚುನಾವಣೆಯೇ ಇಲ್ಲ. ಆ ವರ್ಷಗಳಲ್ಲಿ ರಾಜ್ಯ ಆಳಿದ ಎರಡೂ ಪಕ್ಷಗಳು ಇದರಲ್ಲಿ ಭಾಗಿ. ಹಳ್ಳಿಯ ನೀರಿನ ಕಾಮಗಾರಿ ಹೇಗೆ ನಡೆಯಿತು, ಗುತ್ತಿಗೆದಾರ ಅಗೆದ ರಸ್ತೆಯನ್ನು ಮುಚ್ಚಿದನೇ, ಬಿಲ್ಲು ಯಾವ ಆಧಾರದಲ್ಲಿ ಪಾಸಾಯಿತು ಎಂದು ಸಭೆಯಲ್ಲಿ ಎದ್ದು ನಿಂತು ಕೇಳಬೇಕಾದ ಸದಸ್ಯನ ಕುರ್ಚಿಯೇ ಖಾಲಿ. ಆಡಳಿತಾಧಿಕಾರಿ ಸಹಿ ಹಾಕುತ್ತಾನೆ. ಅವನನ್ನು ಮುಂದಿನ ಸಲ ಸೋಲಿಸುವ ಅವಕಾಶ ಹಳ್ಳಿಯವರಿಗಿಲ್ಲ. ಪಂಚಾಯತ್ ರಾಜ್ ವ್ಯವಸ್ಥೆಗೆ ದೇಶಕ್ಕೇ ಮಾದರಿ ಎಂದು ಬೀಗಿದ ರಾಜ್ಯ ಇದು.

"ಹಳ್ಳಿ ಜನ ನೀರಿನ ಕರ ಕಟ್ಟುವುದಿಲ್ಲ, ನಿರ್ವಹಣೆ ಹೇಗೆ ಮಾಡುವುದು?" ಎಂಬ ಮಾತು ಕಚೇರಿಗಳಲ್ಲಿ ಸದಾ ಕೇಳುತ್ತದೆ. ಈ ಮಾತನ್ನು ನಾವು ಒಪ್ಪುವುದಿಲ್ಲ. ಅದೇ ಜನ ಫಿಲ್ಟರ್ ಮುಂದೆ ತಿಂಗಳಿಗೆ 150 ರೂಪಾಯಿ ಮುಂಗಡವಾಗಿ, ಒಂದು ಪೈಸೆ ಬಾಕಿ ಉಳಿಸದೆ ಕೊಡುತ್ತಿದ್ದಾರೆ. ನಂಬಿಕೆ ಇರುವ ನೀರಿಗೆ ದುಡ್ಡು ಕೊಡುತ್ತಾರೆ, ನಂಬಿಕೆ ಇಲ್ಲದ ನೀರಿಗೆ ಕೊಡುವುದಿಲ್ಲ. ನಲ್ಲಿಯ ನೀರನ್ನು ಕುಡಿಯಲು ಯೋಗ್ಯ ಮಾಡಿ ಅದಕ್ಕೆ ಅರ್ಧದಷ್ಟು ಕೇಳಿದರೂ ಅವರ ಮನೆಗೆ ಉಳಿತಾಯ, ಪಂಚಾಯತಿಗೆ ಆದಾಯ. ಕಡು ಬಡವರಿಗೆ ಅದೂ ಬೇಡ, ಪುಕ್ಕಟೆ ಕೊಡಲಿ; ಅದು ದಯೆಯ ಪ್ರಶ್ನೆಯಲ್ಲ.

ತುಮಕೂರು ನಗರಕ್ಕೂ ಒಂದು ಮಾತು. ಹೇಮಾವತಿಯ ನೀರು ಬುಗುಡನಹಳ್ಳಿಯ ಕೆರೆಯಲ್ಲಿ ತುಂಬಿ, ಶುದ್ಧವಾಗಿ ನಗರದ ಮನೆಗಳಿಗೆ ಹೋಗುತ್ತದೆ. ಗುಬ್ಬಿ ರಸ್ತೆಯ ಭೀಮಸಂದ್ರ ಕೆರೆಗೆ ನಗರದ ಕೊಳಚೆ ಬಂದು ಸೇರುತ್ತಿದೆ ಎಂಬ ಅಲ್ಲಿಯ ಜನರ ಕೂಗು ಹಳೆಯದು. ಸ್ಮಾರ್ಟ್ ಸಿಟಿ ಎಂಬ ಹೆಸರಿನಲ್ಲಿ ರಸ್ತೆ, ದೀಪ, ಉದ್ಯಾನ ಕಂಡ ನಗರ ತಾನು ಬಳಸಿ ಬಿಟ್ಟ ನೀರನ್ನು ಪೂರ್ತಿ ಶುದ್ಧೀಕರಿಸದೆ ಹಳ್ಳಿಯ ಕೆರೆಗೆ ಕಳಿಸುವುದು ಅಪರಾಧ. ಆ ಕೆರೆಯ ಸುತ್ತಲಿನ ಬೋರುಗಳನ್ನು ನಗರಪಾಲಿಕೆಯ ಖರ್ಚಿನಲ್ಲೇ ಪರೀಕ್ಷಿಸಿ, ಕೆಟ್ಟಿದ್ದರೆ ಅಲ್ಲಿಯವರಿಗೆ ನಗರದ ಕೊಳವೆಯಿಂದಲೇ ನೀರು ಕೊಡಬೇಕು.

ಎತ್ತಿನಹೊಳೆ ಯೋಜನೆಯ ನೀರು ಬರುತ್ತದೆ, ಆಗ ಎಲ್ಲ ಸರಿಹೋಗುತ್ತದೆ ಎನ್ನುವವರಿದ್ದಾರೆ. 2014ರಲ್ಲಿ ಶಂಕುಸ್ಥಾಪನೆಯಾದ ಆ ಯೋಜನೆಯ ಅಂದಾಜು 12,912 ಕೋಟಿಯಿಂದ 23,251 ಕೋಟಿ ರೂಪಾಯಿಗೆ ಏರಿತು, ಮೊದಲ ಹಂತಕ್ಕೆ 2024ರ ಸೆಪ್ಟೆಂಬರ್ 6ರಂದು ಸಕಲೇಶಪುರದಲ್ಲಿ ಚಾಲನೆ ಸಿಕ್ಕಿತು. ಬರಲಿ, ಬೇಡವೆನ್ನುವವರು ಯಾರು? ಅದು ಬರುವ ತನಕ ಈ ಹಳ್ಳಿಯ ಮಗು ಏನು ಕುಡಿಯಬೇಕು, ಆ ಹಳ್ಳಿಯ ಬಸುರಿ ಏನು ಕುಡಿಯಬೇಕು ಎಂಬುದಕ್ಕೆ ಇಂದೇ ಉತ್ತರ ಬೇಕು. ಬಂದ ಮೇಲೂ ಆ ನೀರು ಹರಿಯಬೇಕಾದದ್ದು ಇದೇ ಟ್ಯಾಂಕು, ಇದೇ ಕೊಳವೆ, ಇದೇ ಗುಂಡಿಗಳ ಮೂಲಕ.

ಗುಬ್ಬಿ, ಕುಣಿಗಲ್ ಎರಡೂ ತಾಲೂಕುಗಳ ಪ್ರತಿ ಪಂಚಾಯತಿಯ ಗೋಡೆಯ ಮೇಲೆ ಊರಿನ ಪ್ರತಿ ಬೋರಿನ, ಪ್ರತಿ ಟ್ಯಾಂಕಿನ, ಪ್ರತಿ ಶುದ್ಧ ನೀರಿನ ಘಟಕದ ಪರೀಕ್ಷೆಯ ಫಲಿತಾಂಶ ದಿನಾಂಕದ ಸಮೇತ ಕನ್ನಡದಲ್ಲಿ ಬರೆದಿರಬೇಕು: ಫ್ಲೋರೈಡ್ ಎಷ್ಟು, ನೈಟ್ರೇಟ್ ಎಷ್ಟು, ರೋಗಾಣು ಇದೆಯೇ ಇಲ್ಲವೇ. ರಾಸಾಯನಿಕ ಪರೀಕ್ಷೆ ವರ್ಷಕ್ಕೊಮ್ಮೆ, ರೋಗಾಣುವಿನ ಪರೀಕ್ಷೆ ಮಳೆಗೆ ಮುನ್ನ ಒಮ್ಮೆ ಮಳೆಯ ನಂತರ ಒಮ್ಮೆ ಆಗಬೇಕೆಂದು ನಿಯಮವೇ ಇದೆ. ಊರಿಗೆ ಐದು ಮಂದಿ ಹೆಂಗಸರಿಗೆ ತರಬೇತಿ ಕೊಟ್ಟು ಪರೀಕ್ಷೆಯ ಕಿಟ್ ಕೊಡಬೇಕೆಂದೂ ಇದೆ. ಆ ಕಿಟ್ಟುಗಳು ಬೀರುವಿನಿಂದ ಹೊರಗೆ ಬರಲಿ. ಮಾದರಿ ತೆಗೆಯುವುದು ಟ್ಯಾಂಕಿನ ಬುಡದಲ್ಲಲ್ಲ, ಕೇರಿಯ ಕೊನೆಯ ಮನೆಯ ನಲ್ಲಿಯಲ್ಲಿ. ಫಲಿತಾಂಶ ಕೆಟ್ಟಿದ್ದರೆ ಅಂದಿನಿಂದಲೇ ಆ ಮನೆಗಳಿಗೆ ಟ್ಯಾಂಕರಿನಲ್ಲಿ ಒಳ್ಳೆಯ ನೀರು, ನಾಣ್ಯ ಕೇಳದೆ. ಬೀಗ ಬಿದ್ದ ಘಟಕವನ್ನು ತಿಂಗಳೊಳಗೆ ತೆರೆಯಬೇಕು, ತೆರೆಯದ ಗುತ್ತಿಗೆದಾರನ ಠೇವಣಿ ಮುಟ್ಟುಗೋಲು ಹಾಕಬೇಕು. ಗುಂಡಿಯಲ್ಲಿ ಹೂತ ನಲ್ಲಿಗಳನ್ನು ಇಲಾಖೆ ಎಣಿಸಿದ ನಲ್ಲಿಗಳ ಪಟ್ಟಿಯಿಂದ ತೆಗೆದುಹಾಕಬೇಕು. ನೆಲದ ಮೇಲೆ ನಿಂತು ತುಂಬಿಕೊಳ್ಳುವಷ್ಟು ನೀರಿನ ಒತ್ತಡ ಬಂದ ದಿನ ಮತ್ತೆ ಸೇರಿಸಲಿ. ನಾಲೆಯಲ್ಲಿ ನೀರು ಬಂದಾಗ ಬಹುಗ್ರಾಮ ಯೋಜನೆಯ ಕೆರೆಗಳು ತುಂಬಿದ ಮೇಲೆಯೇ ಉಳಿದ ತೂಬುಗಳು ತೆರೆಯಬೇಕು, ಕುಣಿಗಲ್‌ನ ಕೆರೆಗಳಿಗೂ ಗುಬ್ಬಿಯ ಕೆರೆಗಳಿಗೂ ಒಂದೇ ನಿಯಮ. ಜಿಲ್ಲಾಧಿಕಾರಿಯೂ ಜಿಲ್ಲಾ ಪಂಚಾಯತಿಯ ಮುಖ್ಯ ಕಾರ್ಯನಿರ್ವಹಣಾಧಿಕಾರಿಯೂ ಈ ಪಟ್ಟಿಯ ಕೆಳಗೆ ತಮ್ಮ ಹೆಸರು ಬರೆದು ಸಹಿ ಹಾಕಬೇಕು. ಮುಂದೆ ಎಲ್ಲಾದರೂ ನೀರು ಕುಡಿದು ಯಾರಾದರೂ ಸತ್ತರೆ ವಿಚಾರಣೆ ಶುರುವಾಗಬೇಕಾದದ್ದು ನೀರುಗಂಟಿಯಿಂದಲ್ಲ, ಆ ಸಹಿಯಿಂದ.

ಜಲಶಕ್ತಿ ಖಾತೆಯ ಸಚಿವರು, ಜಲಸಂಪನ್ಮೂಲ ಸಚಿವರು, ಜಿಲ್ಲಾ ಉಸ್ತುವಾರಿ ಸಚಿವರು ಈ ವಿಷಯಕ್ಕಾಗಿಯೇ ಒಂದು ದಿನ ತುಮಕೂರಿನಲ್ಲಿ ಒಟ್ಟಿಗೆ ಕೂರಬೇಕು. ಕೆನಾಲಿನ ಪರ ನಿಂತ ಶಾಸಕರೂ ವಿರುದ್ಧ ನಿಂತ ಶಾಸಕರೂ ತಮ್ಮ ತಾಲೂಕಿನ ಪರೀಕ್ಷಾ ವರದಿ ಹಿಡಿದು ಆ ಸಭೆಗೆ ಬರಬೇಕು. ಮುಂದಿನ ಮಾರ್ಚ್‌ಗೆ ಮುನ್ನ ಆ ಸಭೆ ನಡೆಯಲಿ. ಏಪ್ರಿಲ್ ಹೊತ್ತಿಗೆ ಬೋರುಗಳು ನಿಲ್ಲಲು ಶುರುವಾಗುತ್ತವೆ.